ಪದವಿಗೆ ತರ್ಕ ಕಡ್ಡಾಯವಾಗಲಿ



ಮುಂಗಾರು ಕಾಲಿಡುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಶುರುವಾಗುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಸೇರಿದರೆ ಶೇಕಡಾ ಒಂದರ ಬೋರ್ಡೋ ದ್ರಾವಣ. ಎರಡನ್ನೂ ಬೇರೆ ಬೇರೆ ಕದಡಿ ಒಟ್ಟು ಸೇರಿಸಿದ ಮೇಲೆ, ಪಂಪು ಚಾಲೂ ಮಾಡುವ ಮೊದಲು, ಅನುಭವಸ್ಥರು ಕಬ್ಬಿಣದ ಕತ್ತಿಯೊಂದನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲಲಿಲ್ಲ ಎಂದು ಅರ್ಥ. ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಇಲ್ಲವಾದರೆ ಮದ್ದೇ ಗಿಡಕ್ಕೆ ಹಾನಿ ಮಾಡೀತು. ಅಳತೆ ಸರಿಯಾಗಿಯೇ ಇತ್ತಲ್ಲ ಎಂದು ಅಲ್ಲಿ ಯಾರೂ ವಾದಿಸುವುದಿಲ್ಲ. ಸುಣ್ಣದ ಗುಣ ಪ್ರತಿ ಸಲ ಒಂದೇ ಇರುವುದಿಲ್ಲ. ಕತ್ತಿ ತೋರಿಸಿದ್ದೇ ಕೊನೆಯ ಮಾತು.

ಆ ಮದ್ದು ನಮಗೆ ಬಂದದ್ದೂ ಪರೀಕ್ಷೆಯ ದಾರಿಯಿಂದ. 1908ರಲ್ಲಿ ಮೈಸೂರು ಸರ್ಕಾರದ ಕೃಷಿ ಕೆಲಸಕ್ಕೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ, ಅದರ ಕಾರಣ ಒಂದು ಶಿಲೀಂಧ್ರ ಎಂದು ತೋರಿಸಿ, 1910ರಲ್ಲಿ ಬರೆದು ಪ್ರಕಟಿಸಿದರು. ಅದುವರೆಗೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದ ಬೆಳೆಗಾರರು ಹೊಸ ಮದ್ದನ್ನು ಒಪ್ಪಿಕೊಂಡದ್ದು ಮದ್ದು ಬಿಟ್ಟ ಮರವನ್ನೂ ಬಿಡದ ಮರವನ್ನೂ ಕಣ್ಣಾರೆ ಕಂಡ ಮೇಲೆ.

ಅಂಥ ಮನೆಗಳ ಮಕ್ಕಳು ನಮ್ಮ ಕಾಲೇಜುಗಳಲ್ಲಿ ಕುಳಿತಿದ್ದಾರೆ. ಪುತ್ತೂರಿನಲ್ಲಿ 1958ರಿಂದ ಸಂತ ಫಿಲೋಮಿನಾ ಕಾಲೇಜು ಇದೆ, 1965ರಿಂದ ವಿವೇಕಾನಂದ ಕಾಲೇಜು ಇದೆ. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ತೆರೆದರು. ಕಡಬ ತಾಲೂಕಿನ ಸುಬ್ರಹ್ಮಣ್ಯದಲ್ಲಿಯೂ ಪದವಿ ಕಾಲೇಜು ಇದೆ. ಇಷ್ಟು ಕಡೆ, ಇಷ್ಟು ದಶಕಗಳಿಂದ, ಮಕ್ಕಳು ಪದವಿ ಪಡೆಯುತ್ತಿದ್ದಾರೆ. ಒಂದು ಮಾತು ಕಿವಿಗೆ ಬಿದ್ದಾಗ ಅದನ್ನು ನಂಬಬೇಕೋ, ಬಿಡಬೇಕೋ, ಕಾದು ನೋಡಬೇಕೋ ಎಂದು ತೀರ್ಮಾನಿಸುವ ವಿದ್ಯೆಯನ್ನು ಇವರಿಗೆ ಯಾರು, ಯಾವ ಗಂಟೆಯಲ್ಲಿ ಕಲಿಸುತ್ತಿದ್ದಾರೆ? ತರ್ಕ ಮತ್ತು ವಿಮರ್ಶಾತ್ಮಕ ಚಿಂತನೆಯನ್ನು ಕಾಲೇಜಿನಲ್ಲಿ ಕಡ್ಡಾಯ ಮಾಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು. ಆದರೆ ಏನನ್ನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದರಲ್ಲಿ ನಾವು ತಪ್ಪಿದರೆ ಆ ಹೌದು ಕೂಡ ವ್ಯರ್ಥ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇವತ್ತಿನ ಸ್ಥಿತಿ ಹೀಗಿದೆ. ಕರ್ನಾಟಕದ ಪಿಯುಸಿಯಲ್ಲಿ ತರ್ಕಶಾಸ್ತ್ರ ಕಲಾ ವಿಭಾಗದ ಒಂದು ಐಚ್ಛಿಕ ವಿಷಯ. ವಿಜ್ಞಾನ, ವಾಣಿಜ್ಯ ಓದುವವರಿಗೆ ಅದರ ಗಾಳಿಯೂ ಸೋಕುವುದಿಲ್ಲ. ಪದವಿಯಲ್ಲಿ ಭಾಷೆಗಳು ಕಡ್ಡಾಯ. ಸುಪ್ರೀಂ ಕೋರ್ಟಿನ ನಿರ್ದೇಶನದ ನಂತರ ಪರಿಸರ ಅಧ್ಯಯನವೂ ಕಡ್ಡಾಯವಾಯಿತು. ಸಂವಿಧಾನದ ಪಾಠವೂ ಇದೆ. ಆ ಸಂವಿಧಾನದಲ್ಲಿಯೇ, 1976ರಲ್ಲಿ 42ನೇ ತಿದ್ದುಪಡಿಯ ಮೂಲಕ ಸೇರಿದ ಮೂಲಭೂತ ಕರ್ತವ್ಯಗಳ ಪಟ್ಟಿಯಲ್ಲಿ, ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸಿ ತಿಳಿಯುವ ಗುಣವನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದು ಹೇಳಿದೆ. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡಿ ಎರಡು ಅಂಕ ಪಡೆಯುತ್ತಾನೆ. ಆ ಕರ್ತವ್ಯವನ್ನು ಮಾಡುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ನಮ್ಮ ಜನಕ್ಕೆ ವಾದ ಹೊಸತಲ್ಲ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ಉದ್ದಕ್ಕೂ ನಮ್ಮಲ್ಲಿ ತಾಳಮದ್ದಳೆ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ, ಅದಕ್ಕೆ ಅರ್ಥಧಾರಿಗಳ ಮಾತು, ಅಷ್ಟೇ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಎಂದು ಬಿದ್ದಿರುವ ವಾಲಿ ರಾಮನನ್ನು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಕೊಡಲು ರಾಮನ ಪಾತ್ರಧಾರಿ ಬೆವರಬೇಕಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ, ರಾವಣನಾಗಿ, ಮಾಗಧನಾಗಿ ಸೋಲುವ ಪಕ್ಷದ ವಾದವನ್ನು ಎಷ್ಟು ಎತ್ತರಕ್ಕೆ ಒಯ್ಯಬಹುದೆಂದು ತೋರಿಸಿದರು. ಸುಳ್ಯ ತಾಲೂಕಿನ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರ ಅರ್ಥವನ್ನು ಇಂದಿಗೂ ಹಿರಿಯರು ನೆನೆಯುತ್ತಾರೆ. ಅಕ್ಷರ ಬಾರದ ಪ್ರೇಕ್ಷಕ ಕೂಡ ‘ಇವರು ಪ್ರಶ್ನೆ ತಪ್ಪಿಸಿ ಬೇರೆ ಏನೋ ಹೇಳಿದರು’ ಎಂದು ಗುರುತಿಸಬಲ್ಲ. ಇಂಥ ಕಿವಿ ಇರುವ ಊರಿನಲ್ಲಿ ತರ್ಕದ ಪಾಠಕ್ಕೆ ನೆಲ ಈಗಾಗಲೇ ಹದವಾಗಿದೆ.

ಆದರೆ ತಾಳಮದ್ದಳೆ ಕಲಿಸದ ಒಂದು ಸಂಗತಿಯಿದೆ. ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಪ್ರಸಂಗದಲ್ಲಿ ಅವನು ಸಾಯಲೇಬೇಕು. ತೀರ್ಪು ಮೊದಲೇ ಬರೆದಾಗಿದೆ. ಅರ್ಥಧಾರಿ ತನಗೆ ಹಂಚಿಕೆಯಾದ ಪಕ್ಷವನ್ನು ಕೊನೆಯವರೆಗೆ ಬಿಡಬಾರದು. ‘ನಿನ್ನ ಮಾತು ಸರಿ, ನನ್ನದು ತಪ್ಪು’ ಎಂದು ನಡುವೆ ಎದ್ದು ಹೋಗುವಂತಿಲ್ಲ. ಅದು ಕಲೆಯ ನಿಯಮ, ಅಲ್ಲಿಗೆ ಅದು ಸರಿ. ಬದುಕಿನ ನಿಯಮ ಬೇರೆ. ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿವೆ: ಸತ್ಯ ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನವನದನ್ನು ಕೆಡವುವುದೇ ಗುರಿಯಾದರೆ ಅದು ವಿತಂಡ. ಜಲ್ಪದಲ್ಲಿ ನಾವು ನಿಪುಣರು. ಚುನಾವಣೆಯ ಸಮಯದಲ್ಲಿ, ಊರಿನ ಸಭೆಗಳಲ್ಲಿ, ಈಗೀಗ ಮೊಬೈಲಿನ ಗುಂಪುಗಳಲ್ಲಿ ವಿತಂಡವೂ ಧಾರಾಳವಾಗಿದೆ. ಕಾಲೇಜು ಕಲಿಸಬೇಕಾದದ್ದು ಮೊದಲನೆಯದನ್ನು, ಅಂದರೆ ಪುರಾವೆ ತನ್ನ ಪಕ್ಷಕ್ಕೆ ವಿರುದ್ಧವಾಗಿ ಬಂದಾಗ ಪಕ್ಷ ಬದಲಾಯಿಸುವುದನ್ನು.

ತರ್ಕ ಪಶ್ಚಿಮದಿಂದ ಬಂದ ಸರಕು ಎಂಬ ಅಳುಕು ಬೇಡ. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ ಎಂಬುದು ಭಾರತೀಯ ನ್ಯಾಯಶಾಸ್ತ್ರದ ಬಹಳ ಹಳೆಯ ಉದಾಹರಣೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಮೆಟ್ಟಿಲಲ್ಲಿ ಅದನ್ನು ಸಾಧಿಸುತ್ತಾರೆ. ಆ ಶಾಸ್ತ್ರಕಾರರು ಅಲ್ಲಿಗೆ ನಿಲ್ಲಲಿಲ್ಲ. ಕಂಡದ್ದು ಹೊಗೆಯೇ ಹೌದೋ, ಆವಿಯೋ, ಮಂಜೋ ಎಂದು ಮೊದಲು ಕೇಳಿದರು. ಆಷಾಢದಲ್ಲಿ ಸುಬ್ರಹ್ಮಣ್ಯದಿಂದ ಕುಮಾರಪರ್ವತದ ಕಡೆ ನೋಡಿದವರಿಗೆ ಆ ಪ್ರಶ್ನೆಯ ಬೆಲೆ ಗೊತ್ತು. ತೀರ್ಮಾನಕ್ಕೆ ಹಾರುವ ಮೊದಲು ಹೇತುವನ್ನೇ ಸಂಶಯಿಸುವುದು, ಕೆಟ್ಟ ಹೇತುಗಳನ್ನು ಹೇತ್ವಾಭಾಸ ಎಂದು ಹೆಸರಿಟ್ಟು ಬೇರೆ ಮಾಡುವುದು ನಮ್ಮ ಹಿರಿಯರೇ ಮಾಡಿಟ್ಟ ಕೆಲಸ. ಅದೇ ಸುಬ್ರಹ್ಮಣ್ಯದ ಮಠ ಮಧ್ವಾಚಾರ್ಯರ ತಮ್ಮ ವಿಷ್ಣುತೀರ್ಥರ ಪರಂಪರೆಯದು. ಆ ದ್ವೈತ ಸಂಪ್ರದಾಯದ ವ್ಯಾಸತೀರ್ಥರು ತರ್ಕತಾಂಡವ ಎಂಬ ಗ್ರಂಥವನ್ನೇ ಬರೆದರು. ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ದೇವರ ಅಸ್ತಿತ್ವವನ್ನು ಸ್ಥಾಪಿಸಲು ಹಿಡಿದ ಆಯುಧ ತರ್ಕ. ಮಕ್ಕಳಿಗೆ ತರ್ಕ ಕಲಿಸಿದರೆ ದೈವ ದೇವರು ಬಿಟ್ಟಾರು ಎಂದು ಹೆದರುವ ತಂದೆತಾಯಂದಿರಿಗೆ ನಾನು ಇಷ್ಟನ್ನು ನೆನಪಿಸುತ್ತೇನೆ. ನಂಬಿಕೆಯನ್ನು ಕಿತ್ತು ಹಾಕುವುದು ಈ ಪಾಠದ ಉದ್ದೇಶವಲ್ಲ. ದೇವರ ಹೆಸರು ಹೇಳಿ ಹಣ ಕೀಳುವವನನ್ನು ಗುರುತಿಸುವ ಶಕ್ತಿ ಭಕ್ತನಿಗೇ ಹೆಚ್ಚು ಬೇಕು.

ಇನ್ನು ನಮ್ಮ ನೆಲದ ಅತ್ಯಂತ ನೋವಿನ ಪಾಠಕ್ಕೆ ಬರುತ್ತೇನೆ. 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಲಾಯಿತು. ಗೇರಿನ ಹೂ ಚಿಗುರು ಹೀರುವ ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲುವುದು ಉದ್ದೇಶ. ಗಡಿಯ ಈಚೆ, ದಕ್ಷಿಣ ಕನ್ನಡದಲ್ಲಿ, ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲಿಯೂ ಅದೇ ವಿಷ ಬಿತ್ತು. ಕೊಕ್ಕಡ, ಪಟ್ರಮೆ, ಆಲಂಕಾರು ಈ ಊರುಗಳ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಹಾಗೆ. ಎಂಡೋಸಲ್ಫಾನ್ ಪೀಡಿತ ಮಕ್ಕಳಿಗಾಗಿ ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಪಾಲನಾ ಕೇಂದ್ರಗಳು ತೆರೆದವು. ಕೊಯಿಲ, ಆಲಂಕಾರು ಎರಡೂ ಇಂದು ಕಡಬ ತಾಲೂಕಿನಲ್ಲಿವೆ.

ಈ ಕತೆಯನ್ನು ನಾವು ಕರುಣೆಯಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ ಅದು ತರ್ಕದ ಕತೆಯೂ ಹೌದು. ಗಡಿಯ ಆ ಬದಿಯ ಪಡ್ರೆಯಲ್ಲಿ ಕಾಲು ಊನವಾಗಿ ಹುಟ್ಟಿದ ಕರುಗಳನ್ನು ನೋಡಿ ಮೊದಲು ಬರೆದವರು ಕೃಷಿ ಪತ್ರಕರ್ತ ಶ್ರೀ ಪಡ್ರೆ. ಮುಂದೆ 1988ರಲ್ಲಿ ಪುತ್ತೂರಿನಿಂದ ಹೊರಟ ಅಡಿಕೆ ಪತ್ರಿಕೆಯಿಂದ ಅವರು ನಮಗೆಲ್ಲ ಪರಿಚಿತರು. ಆಮೇಲೆ ಅದೇ ಪಡ್ರೆಯ ವಾಣಿನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾಕ್ಟರ್ ಮೋಹನ ಕುಮಾರರು, ಒಂದೇ ಕಡೆಯ ಮನೆಗಳಲ್ಲಿ ಒಂದೇ ತರದ ಕಾಯಿಲೆಗಳು ಯಾಕೆ ಇಷ್ಟು ಎಂದು ಕೇಳಿದರು. ಇವರು ಮಾಡಿದ್ದು ಗಮನಿಸುವ ಕೆಲಸ. ಗಮನಿಸಿದ ಕೂಡಲೇ ಕಾರಣ ಸಿದ್ಧವಾಗುವುದಿಲ್ಲ. ನೀರಿನ ದೋಷವಿರಬಹುದು, ರಕ್ತಸಂಬಂಧದ ಮದುವೆ ಇರಬಹುದು, ಬೇರೆ ಯಾವುದೋ ಇರಬಹುದು ಎಂದು ಎದುರು ಪಕ್ಷದವರು ಹೇಳಿದರು. ಆ ಪ್ರಶ್ನೆಗಳನ್ನು ಎತ್ತುವುದು ತಪ್ಪಲ್ಲ. ತಪ್ಪಾದದ್ದು ಎಲ್ಲಿ ಎಂದರೆ, ‘ಪುರಾವೆ ಇಲ್ಲ’ ಎಂಬ ಮಾತನ್ನು ‘ಹಾನಿ ಇಲ್ಲ’ ಎಂಬ ಮಾತಿನಂತೆ ವರ್ಷಗಟ್ಟಲೆ ಬಳಸಿದ್ದರಲ್ಲಿ. ಹುಡುಕದೆ ಇದ್ದರೆ ಪುರಾವೆ ಸಿಗುವುದು ಹೇಗೆ? ಈ ಎರಡು ಮಾತುಗಳ ನಡುವಿನ ಅಂತರವನ್ನು ಒಬ್ಬ ಪದವೀಧರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬೇಕು ಎಂದು ನನ್ನ ಆಸೆ.

ಕೊನೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಅವರು ಮಾಡಿದ ಕೆಲಸದ ಕ್ರಮವನ್ನು ನೋಡಿ. ಗೇರು ಗುಡ್ಡದ ಬುಡದಲ್ಲಿರುವ ಊರಿನ 117 ಹುಡುಗರನ್ನು ಪರೀಕ್ಷಿಸಿದರು. ಅಷ್ಟಕ್ಕೇ ನಿಲ್ಲಿಸದೆ, ಇಂಥ ಸಿಂಪಡಣೆಗೆ ಒಳಗಾಗದ ಇನ್ನೊಂದು ಊರಿನ 90 ಹುಡುಗರನ್ನೂ ಪರೀಕ್ಷಿಸಿದರು. ಮೊದಲ ಊರಿನವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಅವರ ಪ್ರಾಯಕ್ಕೆ ತಕ್ಕ ಲೈಂಗಿಕ ಬೆಳವಣಿಗೆ ತಡವಾಗಿತ್ತು ಎಂದು 2003ರಲ್ಲಿ ಪ್ರಕಟಿಸಿದರು. ಅದೇ ಲೇಖನದಲ್ಲಿ, ನಮ್ಮ ಮಾದರಿ ಚಿಕ್ಕದು, ಪರೀಕ್ಷೆಗೆ ಒಪ್ಪದವರೂ ಇದ್ದರು, ಇದು ನಮ್ಮ ಅಧ್ಯಯನದ ಮಿತಿ ಎಂದೂ ಬರೆದರು. ತನ್ನ ಮಾತಿನ ಬಲವನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ಹೇಳುವುದು ನನ್ನ ಮಟ್ಟಿಗೆ ವಿದ್ಯೆಯ ಅತ್ಯುನ್ನತ ಗುಣ. ಬೇರೆ ಸಮಿತಿಗಳು ಬೇರೆ ಬೇರೆ ತೀರ್ಮಾನ ಕೊಟ್ಟವು. ಸಂಬಂಧವೇ ಇಲ್ಲ ಎಂದವರೂ ಇದ್ದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ತಡೆ ಹಾಕಿತು. ಕರು ಕುಂಟಿದ್ದನ್ನು ಒಬ್ಬರು ಬರೆದಲ್ಲಿಂದ ಅಲ್ಲಿಗೆ ಮೂವತ್ತು ವರ್ಷ. ಕೊಯಿಲದ ಹತ್ತಿರ ಓದುವ ಹುಡುಗಿಯೊಬ್ಬಳಿಗೆ ಈ ಎಲ್ಲ ವರದಿಗಳನ್ನು ಮುಂದಿಟ್ಟು, ‘ಯಾವುದನ್ನು ಎಷ್ಟು ನಂಬುತ್ತೀ, ಯಾಕೆ?’ ಎಂದು ಕೇಳುವ ಒಂದು ಸೆಮಿಸ್ಟರ್ ಇದ್ದರೆ, ಅದು ಅವಳ ಊರಿನ ಇತಿಹಾಸವೂ ಆಯಿತು, ತರ್ಕವೂ ಆಯಿತು, ಸಂಖ್ಯಾಶಾಸ್ತ್ರವೂ ಆಯಿತು.

ಎಂಡೋಸಲ್ಫಾನಿನ ವಿಷಯದಲ್ಲಿ ನಾವು ನೊಂದವರ ಕಡೆ, ಹಾಗಾಗಿ ತರ್ಕ ಸುಲಭ. ಕಷ್ಟದ ಪರೀಕ್ಷೆ ಬೇರೆ ಇದೆ, ಅದನ್ನು ತಪ್ಪಿಸಿ ಮಾತು ಮುಗಿಸುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಇದು ನಮ್ಮ ಅನ್ನದ ಪ್ರಶ್ನೆ. ಈ ಮಾತು ಬಂದ ಕೂಡಲೇ ನಮ್ಮಲ್ಲಿ ಸಿಟ್ಟು ಬರುತ್ತದೆ, ಇದು ವಿದೇಶಿಯರ ಹುನ್ನಾರ ಎನ್ನುತ್ತೇವೆ, ನಮ್ಮಜ್ಜ ತೊಂಬತ್ತು ವರ್ಷ ಎಲೆಅಡಿಕೆ ಹಾಕಿ ಬದುಕಿದರು ಎನ್ನುತ್ತೇವೆ. ವಿವೇಚನೆ ಕಲಿತ ವಿದ್ಯಾರ್ಥಿ ಸಿಟ್ಟಾಗುವ ಮೊದಲು ಓದುತ್ತಾನೆ. ಹಳೆಯ ಅಧ್ಯಯನಗಳಲ್ಲಿ ಎಷ್ಟರಲ್ಲಿ ಹೊಗೆಸೊಪ್ಪು ಸೇರಿತ್ತು, ಎಷ್ಟರಲ್ಲಿ ಇರಲಿಲ್ಲ ಎಂದು ನೋಡುತ್ತಾನೆ. ಹೊಗೆಸೊಪ್ಪು ಇಲ್ಲದ ಎಲೆಅಡಿಕೆಯನ್ನೂ ಆ ವರದಿ ಅದೇ ಗುಂಪಿಗೆ ಸೇರಿಸಿದೆ ಎಂಬುದನ್ನು, ನಮಗೆ ಒಲ್ಲದ ಸಂಗತಿಯಾದರೂ, ಮುಚ್ಚಿಡುವುದಿಲ್ಲ. ಜತೆಗೆ, ಮೊದಲ ಗುಂಪು ಎಂಬುದು ಪುರಾವೆ ಎಷ್ಟು ಗಟ್ಟಿ ಎಂಬುದರ ಅಳತೆ, ಅಪಾಯ ಎಷ್ಟು ದೊಡ್ಡದು ಎಂಬುದರ ಅಳತೆಯಲ್ಲ ಎಂದೂ ತಿಳಿದುಕೊಳ್ಳುತ್ತಾನೆ; ಸಂಸ್ಕರಿಸಿದ ಮಾಂಸವೂ 2015ರಿಂದ ಅದೇ ಗುಂಪಿನಲ್ಲಿದೆ. ಅಜ್ಜನ ಒಂದು ಉದಾಹರಣೆ ಯಾಕೆ ಸಾಲದು ಎಂದು ಅವನು ಮನೆಯಲ್ಲಿ ಮೆತ್ತಗೆ ವಿವರಿಸಬಲ್ಲ. ಇಷ್ಟು ಓದಿದವನು ಅಡಿಕೆ ಬೆಳೆಗಾರರ ಪರವಾಗಿ ಮಾತಾಡಿದರೂ ದಿಲ್ಲಿಯಲ್ಲಿ ಅವನ ಮಾತಿಗೆ ಬೆಲೆ ಇರುತ್ತದೆ. ಬರೀ ಸಿಟ್ಟಿಗೆ ಅಲ್ಲಿ ಬೆಲೆ ಇಲ್ಲ.

ತೋಟದಲ್ಲಿಯೇ ಇನ್ನೊಂದು ಪಾಠ ಕಾದಿದೆ. ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜದ ಕಡೆ ಹಳದಿ ಎಲೆ ರೋಗ ತೋಟಕ್ಕೆ ತೋಟವನ್ನೇ ತಿಂದಿದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗಕ್ಕೆ ಗುಣಪಡಿಸುವ ಮದ್ದು ಸಿಕ್ಕಿಲ್ಲ. ಸಿಕ್ಕಿಲ್ಲದ ಕಡೆಯೇ ಮಾರುವವರು ಹೆಚ್ಚು. ಪುಡಿ, ದ್ರಾವಣ, ಬಾಟಲಿ ಹಿಡಿದು ಅಂಗಳಕ್ಕೆ ಬರುತ್ತಾರೆ. ಹಸಿರಾದ ಮರದ ಫೋಟೋ ತೋರಿಸುತ್ತಾರೆ. ಈ ರೋಗದ ಲಕ್ಷಣ ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಹೆಚ್ಚು ಎದ್ದು ಕಾಣುತ್ತದೆ. ಹಳದಿ ಕಂಡು ಕಂಗಾಲಾದಾಗ ಹಾಕಿದ ಪುಡಿ, ಕೆಲವು ತಿಂಗಳು ಕಳೆದ ಮೇಲೆ ಕೆಲಸ ಮಾಡಿದಂತೆ ತೋರಬಹುದು. ಪುಡಿ ಹಾಕದಿದ್ದರೂ ಅಷ್ಟು ಬದಲಾವಣೆ ಆಗುತ್ತಿತ್ತೋ ಏನೋ. ‘ಪುಡಿ ಹಾಕದ ಮರಗಳನ್ನೂ ಅದೇ ತೋಟದಲ್ಲಿ ಗುರುತು ಮಾಡಿ ಇಟ್ಟಿದ್ದೀರಾ? ಎಷ್ಟು ವರ್ಷ ನೋಡಿದ್ದೀರಿ? ಗುಣವಾಗದ ತೋಟದ ಫೋಟೋ ಎಲ್ಲಿ?’ ಈ ಮೂರು ಪ್ರಶ್ನೆ ಕೇಳಲು ಕೃಷಿ ವಿಜ್ಞಾನದ ಪದವಿ ಬೇಡ. ಬಿ.ಕಾಂ. ಓದುವ ಮಗಳು ಜಗಲಿಯಲ್ಲಿ ಕುಳಿತು ಕೇಳಿದರೆ ಸಾಕು, ಅಪ್ಪನ ಸಾವಿರಾರು ರೂಪಾಯಿ ಉಳಿಯುತ್ತದೆ. ಪೊಲೀಸರ ಸಮವಸ್ತ್ರದಲ್ಲಿ ವಿಡಿಯೋ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವನ ಎದುರೂ ಇದೇ ಅಭ್ಯಾಸ ಕಾಯುತ್ತದೆ. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಕರೆ ಕತ್ತರಿಸಿ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಹಾಗಾದರೆ ಹಳೆಯ ತರ್ಕಶಾಸ್ತ್ರದ ಪುಸ್ತಕವನ್ನೇ ಎಲ್ಲರಿಗೂ ಕಡ್ಡಾಯ ಮಾಡಿದರೆ ಆಯಿತಲ್ಲ ಎಂದು ಕೇಳಬಹುದು. ಇಲ್ಲಿ ನಾನು ಬೇಡ ಎನ್ನುತ್ತೇನೆ, ಅದಕ್ಕೆ ಆಧಾರವೂ ಇದೆ. ಇಂಗ್ಲೆಂಡಿನ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಒಂದು ಒಗಟು ಕೊಟ್ಟರು. ನಮ್ಮ ಅಕ್ಷರದಲ್ಲಿ ಅದನ್ನು ಹೇಳುತ್ತೇನೆ. ನಾಲ್ಕು ಕಾರ್ಡುಗಳಿವೆ, ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ನಿಮಗೆ ಕಾಣುತ್ತಿರುವುದು ಅ, ಕ, 4 ಮತ್ತು 7. ಸ್ವರ ಇರುವ ಕಾರ್ಡಿನ ಹಿಂದೆ ಸಮಸಂಖ್ಯೆ ಇರಬೇಕು ಎಂಬುದು ನಿಯಮ. ನಿಯಮ ಪಾಲನೆಯಾಗಿದೆಯೇ ಎಂದು ತಿಳಿಯಲು ಯಾವ ಯಾವ ಕಾರ್ಡು ತಿರುಗಿಸಬೇಕು? ಹೆಚ್ಚಿನವರು ಅ ಮತ್ತು 4 ಎನ್ನುತ್ತಾರೆ. ಸರಿಯುತ್ತರ ಅ ಮತ್ತು 7. ಅದನ್ನು ಹೇಳುವವರು ಸಾಮಾನ್ಯವಾಗಿ ಹತ್ತರಲ್ಲಿ ಒಬ್ಬರಷ್ಟೇ.

ಈಗ ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಸರ್ಕಾರಿ ಬಸ್ಸು ಹತ್ತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ, ಆದರೆ ಕರ್ನಾಟಕದ ವಿಳಾಸ ಇರುವವರಿಗೆ ಮಾತ್ರ. ಚೆಕಿಂಗಿನವರು ಹತ್ತಿದರು. ಒಬ್ಬರ ಕೈಯಲ್ಲಿ ಉಚಿತ ಟಿಕೆಟು, ಇನ್ನೊಬ್ಬರ ಕೈಯಲ್ಲಿ ಹಣ ಕೊಟ್ಟ ಟಿಕೆಟು, ಮೂರನೆಯವರು ಕರ್ನಾಟಕದ ಆಧಾರ್ ತೋರಿಸಿದರು, ನಾಲ್ಕನೆಯವರು ಕೇರಳದ ಆಧಾರ್. ಯಾರನ್ನು ಇನ್ನೂ ವಿಚಾರಿಸಬೇಕು? ಉಚಿತ ಟಿಕೆಟಿನವರ ವಿಳಾಸ, ಕೇರಳದವರ ಟಿಕೆಟು. ಇದನ್ನು ಹೇಳಲು ನಿಮಗೆ ಕ್ಷಣ ಹಿಡಿಯಲಿಲ್ಲ. ಒಗಟು ಎರಡೂ ಒಂದೇ. ಅಮೆರಿಕದಲ್ಲಿ ಚೆಂಗ್, ಹೋಲಿಯೋಕ್, ನಿಸ್ಬೆಟ್ ಮತ್ತು ಆಲಿವರ್ 1986ರಲ್ಲಿ ತೋರಿಸಿದ್ದು ಇನ್ನೂ ಮುಖ್ಯ: ಒಂದಿಡೀ ಸೆಮಿಸ್ಟರ್ ತರ್ಕಶಾಸ್ತ್ರ ಓದಿದ ವಿದ್ಯಾರ್ಥಿಗಳೂ ಕಾರ್ಡಿನಂಥ ಒಗಟುಗಳಲ್ಲಿ ಹೆಚ್ಚು ಕಡಿಮೆ ಮೊದಲಿನಷ್ಟೇ ತಪ್ಪಿದರು. ಎರಡು ವರ್ಷದ ನಂತರ ನಿಸ್ಬೆಟ್ ಮತ್ತು ಸಂಗಡಿಗರು ಇನ್ನೊಂದು ಅಧ್ಯಯನ ಪ್ರಕಟಿಸಿದರು. ಮನಶ್ಶಾಸ್ತ್ರ, ವೈದ್ಯಕೀಯ ಓದಿದ ಸ್ನಾತಕೋತ್ತರ ವಿದ್ಯಾರ್ಥಿಗಳು ದಿನನಿತ್ಯದ ಪುರಾವೆಗಳನ್ನು ತೂಗುವುದರಲ್ಲಿ ಎದ್ದು ಕಾಣುವಂತೆ ಸುಧಾರಿಸಿದ್ದರು, ರಸಾಯನಶಾಸ್ತ್ರದವರು ಸುಧಾರಿಸಿರಲಿಲ್ಲ. ಮೊದಲಿನ ಎರಡು ಗುಂಪಿನವರಿಗೆ ತಮ್ಮ ಓದಿನಲ್ಲಿಯೇ ಖಚಿತವಲ್ಲದ ಪುರಾವೆಗಳೊಂದಿಗೆ ದಿನವೂ ಗುದ್ದಾಡಬೇಕು. ಗುರುತಿರುವ ಪ್ರಸಂಗಗಳ ಮೇಲೆ ಪಳಗಿದ ಬುದ್ಧಿ ಬೇರೆ ಕಡೆಯೂ ಕೆಲಸಕ್ಕೆ ಬರುತ್ತದೆ, ಸೂತ್ರ ಉರುಹೊಡೆದದ್ದು ಬರುವುದಿಲ್ಲ ಎಂದು ನಾನು ಇದರಿಂದ ತಿಳಿಯುತ್ತೇನೆ.

ಕಡ್ಡಾಯದ ವಿರುದ್ಧ ಬರುವ ಅತ್ಯಂತ ಗಟ್ಟಿಯಾದ ಆಕ್ಷೇಪವೂ ಇಲ್ಲೇ ಇದೆ. ಪರಿಸರ ಅಧ್ಯಯನವನ್ನು ಕಡ್ಡಾಯ ಮಾಡಿದಿರಿ, ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿ ಗೈಡು ಓದಿ ಪಾಸಾದರು, ತರ್ಕಕ್ಕೂ ಅದೇ ಗತಿ ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕಲಾಗದು. ಹೇತ್ವಾಭಾಸಗಳ ಐದು ಹೆಸರು ಬರೆಯಿರಿ ಎಂದು ಪ್ರಶ್ನೆಪತ್ರಿಕೆ ಬಂದರೆ ಆ ವಿಷಯ ಹುಟ್ಟಿದ ದಿನವೇ ಸತ್ತ ಹಾಗೆ. ಆದ್ದರಿಂದ ಪರೀಕ್ಷೆಯೇ ಬದಲಾಗಬೇಕು. ವಿದ್ಯಾರ್ಥಿ ತನ್ನ ಊರಿನಲ್ಲಿ ಹರಡಿದ ಒಂದು ಹೇಳಿಕೆಯನ್ನು ತಾನೇ ಆರಿಸಿ, ಮೂಲ ಹುಡುಕಿ, ಪರ ವಿರೋಧದ ಪುರಾವೆ ಸೇರಿಸಿ, ‘ಇಂಥ ಪುರಾವೆ ಸಿಕ್ಕರೆ ನಾನು ನನ್ನ ಅಭಿಪ್ರಾಯ ಬದಲಾಯಿಸುತ್ತೇನೆ’ ಎಂಬ ಸಾಲನ್ನೂ ಬರೆದು ಒಪ್ಪಿಸಲಿ. ಆಮೇಲೆ ತಾಳಮದ್ದಳೆಯಂತೆ ಇಬ್ಬರು ಎದುರೆದುರು ಕುಳಿತು ವಾದಿಸಲಿ. ಅರ್ಧ ಗಂಟೆ ಕಳೆದ ಮೇಲೆ ಪಕ್ಷ ಅದಲುಬದಲು ಮಾಡಲಿ. ಕೊನೆಯಲ್ಲಿ ಇಬ್ಬರೂ ಪಾತ್ರ ಬಿಟ್ಟು, ತಾವು ನಿಜವಾಗಿ ಏನನ್ನು ಒಪ್ಪುತ್ತೇವೆ ಎಂದು ಹೇಳಲಿ. ಅಂಕ ಆ ಕೊನೆಯ ಮಾತಿಗೆ. ಇದಕ್ಕೆ ಗೈಡು ಬರೆಯುವುದು ಕಷ್ಟ.

ಕಲಿಸುವವರು ಯಾರು? ಸರ್ಕಾರಿ ಕಾಲೇಜುಗಳ ತರಗತಿಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಹೆಗಲ ಮೇಲಿವೆ. ಅವರ ಮೇಲೆ ಇನ್ನೊಂದು ಹೊರೆ ಹಾಕಿ, ಸಂಬಳ ಮಾತ್ರ ಅಷ್ಟೇ ಇಟ್ಟರೆ ಅನ್ಯಾಯ. ತತ್ತ್ವಶಾಸ್ತ್ರದ ಎಂ.ಎ. ಆದವರೇ ಬೇಕೆಂದು ಕುಳಿತರೆ ನಮ್ಮ ಮೂರು ತಾಲೂಕಿಗೆ ಆಗಿಬರುವುದಿಲ್ಲ. ಸಂಖ್ಯಾಶಾಸ್ತ್ರದವರು, ಇತಿಹಾಸದವರು, ಜೀವಶಾಸ್ತ್ರದವರು ಒಂದೊಂದು ಪ್ರಸಂಗ ಹಂಚಿಕೊಂಡು ಕಲಿಸಬಹುದು. ನೆರೆಯ ವಿಟ್ಲದಲ್ಲಿ ಅಡಿಕೆಯ ಸಂಶೋಧನಾ ಕೇಂದ್ರವಿದೆ, ಪುತ್ತೂರಿನಲ್ಲಿಯೇ ಗೇರು ಸಂಶೋಧನಾಲಯವಿದೆ. ಒಂದು ಪ್ರಯೋಗವನ್ನು ಹೇಗೆ ಹೂಡುತ್ತಾರೆ ಎಂದು ಅಲ್ಲಿನ ವಿಜ್ಞಾನಿಗಳಿಂದ ನೇರವಾಗಿ ತಿಳಿಯಬಹುದು. ಅರ್ಥಧಾರಿಗಳಂತೂ ಊರೂರಿನಲ್ಲಿದ್ದಾರೆ. ಶಿವರಾಮ ಕಾರಂತರು ಇದೇ ಪುತ್ತೂರಿನ ಬಾಲವನದಲ್ಲಿದ್ದುಕೊಂಡು, ಯಾವ ವಿಶ್ವವಿದ್ಯಾಲಯದ ನೆರಳೂ ಇಲ್ಲದೆ, ಮಕ್ಕಳಿಗಾಗಿ ಬಾಲಪ್ರಪಂಚ ಬರೆದರು. ಕನ್ನಡದಲ್ಲಿ ಪಠ್ಯ ಇಲ್ಲ ಎಂಬ ನೆಪವನ್ನು ಅವರ ಊರಿನವರು ಹೇಳಬಾರದು.

ಐಚ್ಛಿಕವಾಗಿ ಇಟ್ಟರೆ ಸಾಲದೇ ಎಂದು ಸ್ನೇಹಿತರು ಕೇಳುತ್ತಾರೆ. ಸಾಲದು. ಐಚ್ಛಿಕ ವಿಷಯವನ್ನು ಆರಿಸಿಕೊಳ್ಳುವವರು ಮೊದಲೇ ಪ್ರಶ್ನೆ ಕೇಳುವ ಸ್ವಭಾವದವರು. ಮೋಸದ ಕರೆಗೆ ಹೆದರುವವನು, ಬಂದ ಸಂದೇಶವನ್ನು ಓದದೆ ಮುಂದಕ್ಕೆ ಕಳಿಸುವವಳು ಅಲ್ಲಿಗೆ ಬರುವುದಿಲ್ಲ. ಪ್ರಜಾಪ್ರಭುತ್ವದಲ್ಲಿ ಅವರ ಮತಕ್ಕೂ ನಮ್ಮ ಮತದಷ್ಟೇ ತೂಕ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯಗಳು 1980ರಲ್ಲಿಯೇ ಪದವಿ ಪಡೆಯುವ ಪ್ರತಿಯೊಬ್ಬರಿಗೂ ವಿಮರ್ಶಾತ್ಮಕ ಚಿಂತನೆಯ ಪಾಠ ಕಡ್ಡಾಯ ಎಂದವು. ಫ್ರಾನ್ಸಿನಲ್ಲಿ ಶಾಲೆ ಮುಗಿಸುವ ಮಕ್ಕಳು ನಾಲ್ಕು ಗಂಟೆ ಕುಳಿತು ತತ್ತ್ವಶಾಸ್ತ್ರದ ಪರೀಕ್ಷೆ ಬರೆಯುತ್ತಾರೆ. ನಮ್ಮ ಮಕ್ಕಳಿಗೆ ಅದು ಹೆಚ್ಚಾಯಿತು ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ರಾಜ್ಯದಲ್ಲಿ 2021ರಲ್ಲಿ ಹೊಸ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಇನ್ನೊಂದು ನೀತಿ ಬರುವವರೆಗೆ ಕಾಯುವ ಅಗತ್ಯವಿಲ್ಲ. ಪುತ್ತೂರಿನ ಸ್ವಾಯತ್ತ ಕಾಲೇಜುಗಳಿಗೆ ತಮ್ಮ ಪಠ್ಯಕ್ರಮವನ್ನು ತಾವೇ ರೂಪಿಸುವ ಅಧಿಕಾರ ಇದೆ. ಆ ಕಾಲೇಜುಗಳ ಅಧ್ಯಯನ ಮಂಡಳಿಯವರಲ್ಲಿ, ಮಂಗಳೂರು ವಿಶ್ವವಿದ್ಯಾಲಯದವರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ವರ್ಷದ ಮೊದಲ ಸೆಮಿಸ್ಟರಿನಲ್ಲಿ, ಕಲೆ, ವಿಜ್ಞಾನ, ವಾಣಿಜ್ಯ ಎಂಬ ಭೇದವಿಲ್ಲದೆ, ವಾರಕ್ಕೆ ಮೂರು ಗಂಟೆ ಇದಕ್ಕೆ ಕೊಡಿ. ಎಂಡೋಸಲ್ಫಾನಿನಿಂದ ಶುರುಮಾಡಿ. ಅಡಿಕೆಯನ್ನು ಬಿಡಬೇಡಿ.